ಸದಾರಮೆಯೂ ಕಳ್ಳನೂ

ಕೊರಟಗೆರೆ ತಾಲ್ಲೂಕಿನ ಕೊಳಾಲದಲ್ಲಿ, ಬಸ್ಸು ನಿಲ್ಲುವ ಸ್ಥಳದ ಹತ್ತಿರ ಗೋಡೆಗೆ ಅಂಟಿಸಿದ್ದ ಒಂದು ನಾಟಕದ ಜಾಹೀರಾತು ಈಚೆಗೆ ನಮ್ಮ ಕಣ್ಣಿಗೆ ಬಿದ್ದಿತು. ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ ಈ ಸೀಮೆಯಲ್ಲಿ ಇಂಥ ಜಾಹೀರಾತುಗಳು ಕಾಣಿಸಿಕೊಳ್ಳುವುದು ಹೊಸತೇನೂ ಅಲ್ಲ. ಹೋಬಳಿಗೆ ಸೇರಿದ ಒಂದು ಗ್ರಾಮದ ಜನರು ಜಾತ್ರೆಯ ಅಂಗವಾಗಿ ‘ಕುರುಕ್ಷೇತ್ರ’ವೆಂಬ ಪೌರಾಣಿಕ ನಾಟಕವನ್ನು ಅಭಿನಯಿಸುವವರಿದ್ದರು. ಶ್ರೀಕೃಷ್ಣನಿಂದ ಹಿಡಿದು ಶಕುನಿಯವರೆಗೆ, ದ್ವಾರಪಾಲಕನನ್ನೂ ಬಿಡದೆ, ಪ್ರತಿಯೊಬ್ಬ ಪಾತ್ರಧಾರಿಯ ಹೆಸರೂ ಭಾವಚಿತ್ರವೂ ಅಲ್ಲಿ ಅಚ್ಚಾಗಿದ್ದುವು. ಹಾರ್ಮೋನಿಯಂ ಮೇಷ್ಟರ ಹೆಸರಿದ್ದಿತು. ಸೀನರಿ ಒದಗಿಸುವವರ ಹೆಸರಿದ್ದಿತು. ದೀಪ ಮತ್ತು ಧ್ವನಿವರ್ಧಕದವರ ಹೆಸರೂ ಇದ್ದಿತು. ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ, ‘ಸ್ತ್ರೀ ಪಾತ್ರಗಳು: ನುರಿತ ಕಲಾವಿದೆಯರಿಂದ’ ಎಂಬ ಒಂದೇ ಒಂದು ಪಂಕ್ತಿ. ದ್ರೌಪದಿ ಯಾರು, ಕುಂತಿ ಯಾರು, ಉತ್ತರೆ ಯಾರು ಎಂಬುದನ್ನು ತಿಳಿಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ನಾಟಕವನ್ನು ನಾವು ನೋಡಿದೆವು. ರಾತ್ರಿ ಹತ್ತಕ್ಕೆ ಆರಂಭವಾದದ್ದು ಬೆಳಗಿನ ಜಾವದವರೆಗೆ ನಡೆಯಿತು. ಈ ಸೀಮೆಯ ನಾಟಕಗಳ ವ್ಯವಸ್ಥೆ ಬಲ್ಲವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಗ್ರಾಮದ ಪುರುಷರು ತಮ್ಮ ತಮ್ಮ ಪಾತ್ರಕ್ಕೆ ತಾವೇ ಹಣ ತೆತ್ತು, ತಿಂಗಳುಗಟ್ಟಲೆ ಮೇಷ್ಟರ ಮುಂದೆ ಕುಳಿತು ಮಟ್ಟುಗಳನ್ನೂ ಕಂದಪದ್ಯಗಳನ್ನೂ ಕಲಿಯುತ್ತಾರೆ. ಹಗಲು ಹೊಲ, ರಾತ್ರಿ ತಾಲೀಮು. ಆ ಶ್ರದ್ಧೆ ನಿಜವಾಗಿಯೂ ಶ್ಲಾಘನೀಯವಾದುದು. ಆದರೆ ಸ್ತ್ರೀಪಾತ್ರದವರು ಬರುವುದು ನಾಟಕದ ದಿನ, ಇಲ್ಲವೆ ಅದರ ಹಿಂದಿನ ದಿನ. ತುಮಕೂರಿನಿಂದಲೋ ಬೆಂಗಳೂರಿನಿಂದಲೋ ಸಂಭಾವನೆಗೆ ಗೊತ್ತುಮಾಡಿ ಅವರನ್ನು ಕರೆಸುತ್ತಾರೆ. ನಿನ್ನೆ ಇನ್ನೊಂದು ಊರಿನಲ್ಲಿ ಬೇರೊಂದು ನಾಟಕ. ನಾಳೆ ಮತ್ತೊಂದು ಊರು, ಮತ್ತೊಂದು ಪಾತ್ರ. ತಾಲೀಮಿಲ್ಲದೆ, ಎದುರಿಗಿರುವ ಕೃಷ್ಣನ ಮುಖವನ್ನು ಮೊದಲು ಕಂಡಿರದೆ, ಆಕೆ ಹಾಡಬೇಕು, ಮಾತಾಡಬೇಕು, ಅಳಬೇಕು. ನಾವು ಕಂಡ ರಾತ್ರಿ ಒಬ್ಬ ಯುವಕನು ವೇದಿಕೆಯ ನಡುವೆ ಮಾತು ಮರೆತು ನಿಂತಾಗ ದ್ರೌಪದಿಯ ಪಾತ್ರದ ಮಹಿಳೆಯು, ಕ್ಷಣವೂ ತಡೆಯದೆ, ಅವನ ಮಾತನ್ನೇ ಪ್ರಶ್ನೆಯ ರೂಪದಲ್ಲಿ ಅವನಿಗೆ ಒಪ್ಪಿಸಿ ದೃಶ್ಯವನ್ನು ಉಳಿಸಿದರು. ಸಭೆಯಲ್ಲಿದ್ದವರಲ್ಲಿ ಬಹುಮಂದಿಗೆ ಅದು ತಿಳಿಯಲೇ ಇಲ್ಲ. ತಿಳಿದ ಕೆಲವರು ನಕ್ಕರು. ಆ ನಗೆಯಲ್ಲಿ ಮೆಚ್ಚಿಕೆಯಿದ್ದಿತು. ಆದರೆ ಯಾರನ್ನು ಮೆಚ್ಚಿದೆವೆಂದು ಹೇಳಲು ಅವರಿಗೂ ಹೆಸರು ಗೊತ್ತಿರಲಿಲ್ಲ.

ಇದು ನಾಟಕಕಲೆಯನ್ನು ಅರಿಯದ ಸೀಮೆಯಾಗಿದ್ದರೆ ನಾವು ಈ ಮಾತನ್ನು ಎತ್ತುತ್ತಿರಲಿಲ್ಲ. ಕನ್ನಡ ವೃತ್ತಿರಂಗಭೂಮಿಯ ಅತಿ ದೊಡ್ಡ ಮನೆಗಳಲ್ಲೊಂದು ಕಟ್ಟಲ್ಪಟ್ಟದ್ದು ಇದೇ ಜಿಲ್ಲೆಯಲ್ಲಿ. 1884ರಲ್ಲಿ ಗುಬ್ಬಿಯಲ್ಲಿ ಚಂದಣ್ಣನವರೂ ಅಬ್ದುಲ್ ಅಜೀಜ್ ಸಾಹೇಬರೂ ಕೂಡಿ ಸ್ಥಾಪಿಸಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಮುಂದೆ ಗುಬ್ಬಿ ವೀರಣ್ಣನವರ ಕೈಗೆ ಬಂದು ದಕ್ಷಿಣದೇಶದಲ್ಲೆಲ್ಲಾ ಹೆಸರಾಯಿತು. ಕನ್ನಡದಲ್ಲಿ ಮಾತ್ರವಲ್ಲದೆ ತೆಲುಗು ತಮಿಳುಗಳಲ್ಲಿಯೂ ನಾಟಕಗಳನ್ನಾಡಿತು. 1934ರಲ್ಲಿ ಬೆಂಗಳೂರಿನಲ್ಲಿ ಈ ಸಂಘದವರು ‘ಕುರುಕ್ಷೇತ್ರ’ವನ್ನು ಪ್ರದರ್ಶಿಸಿದಾಗ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದುದು ಇಂದಿಗೂ ಹಿರಿಯರು ಹೇಳುವ ಕಥೆ. ಆ ಸಂಘಕ್ಕೆ ‘ಸದಾರಮೆ’, ‘ಕೃಷ್ಣಲೀಲೆ’ ಮೊದಲಾದ ನಾಟಕಗಳನ್ನು ಬರೆದುಕೊಟ್ಟ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಊರೂ ತುಮಕೂರಿಗೆ ಸಮೀಪದ್ದೇ. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ಕ್ಕೆ ಮಾತುಗಳನ್ನೂ ಹಾಡುಗಳನ್ನೂ ರಚಿಸಿದವರು ಅವರೇ. ಹೀಗೆ ಮಾತು, ಹಾಡು, ನಗೆ ಈ ಮೂರನ್ನೂ ನಾಡಿಗೆ ಹಂಚಿದ ಜಿಲ್ಲೆಯಲ್ಲಿ ನಟಿಯ ಹೆಸರಿಗೆ ಜಾಹೀರಾತಿನಲ್ಲಿ ಅರ್ಧ ಅಂಗುಲ ಸ್ಥಳ ದೊರೆಯದಿದ್ದರೆ ಅದಕ್ಕೆ ಕಾರಣವೇನೆಂದು ವಿಚಾರಿಸುವುದು ಯುಕ್ತವಲ್ಲವೆ?

ಕಾರಣವು ಹಳೆಯದು. ಒಂದು ಕಾಲಕ್ಕೆ ನಮ್ಮ ರಂಗಭೂಮಿಯಲ್ಲಿ ಸ್ತ್ರೀಯೇ ಇರಲಿಲ್ಲ. ಸೀತೆಯೂ ಶಕುಂತಲೆಯೂ ಮೀಸೆ ಬೋಳಿಸಿದ ತರುಣರಾಗಿದ್ದರು. ಮಹಾರಾಷ್ಟ್ರದಲ್ಲಿ ಬಾಲಗಂಧರ್ವರು ಸ್ತ್ರೀವೇಷದಿಂದಲೇ ದೇಶವಿಖ್ಯಾತರಾದರು. ಅವರು ಉಡುತ್ತಿದ್ದ ಸೀರೆಯ ರೀತಿಯನ್ನು ಕುಲಸ್ತ್ರೀಯರು ಅನುಕರಿಸುತ್ತಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ಹೆಣ್ಣಿನ ನಡೆನುಡಿಯನ್ನು ಗಂಡು ಕಲಿಸಬೇಕು, ಅದನ್ನು ಹೆಣ್ಣು ನೋಡಿ ಕಲಿಯಬೇಕು ಎಂಬುದು ಎಂಥ ವಿಚಿತ್ರ! ವಿದ್ಯಾವಂತರ ವಿಲಾಸಿ ಮಂಡಲಿಗಳೂ ಈ ವಿಷಯದಲ್ಲಿ ಹಿಂದೆಯೇ ಉಳಿದಿದ್ದುವು. ಕೈಲಾಸಂ ಅವರ ಪ್ರಹಸನಗಳನ್ನು ನೋಡಿ, ಅವರು ಮನೆಯೊಳಗಿನ ಹೆಂಗಸರ ಮಾತನ್ನು ಹೇಗೆ ಹಿಡಿದಿದ್ದಾರೆಂದು ಕೊಂಡಾಡಿದ ಬೆಂಗಳೂರಿನ ಸಭ್ಯರು, ಆ ಮಾತನ್ನು ಹೆಂಗಸಿನ ಬಾಯಿಂದಲೇ ಕೇಳಬೇಕೆಂದು ಬಹುಕಾಲ ಅಪೇಕ್ಷಿಸಲಿಲ್ಲ. ವೃತ್ತಿಮಂಡಲಿಗಳನ್ನು ಅಸಭ್ಯವೆಂದು ಮೂಗುಮುರಿದವರೂ ಬಹುಮಟ್ಟಿಗೆ ಇವರೇ. ಆದರೆ ನಟಿಯನ್ನು ವೇದಿಕೆಗೆ ಕರೆತರುವ ಧೈರ್ಯ ಮೊದಲು ಬಂದದ್ದು ಆ ಅಸಭ್ಯರಿಗೆ. ಉತ್ತರ ಕರ್ನಾಟಕದ ಕಂಪೆನಿಗಳಲ್ಲಿ ನಟಿಯರು ಮೊದಲೇ ಕಾಣಿಸಿಕೊಂಡಿದ್ದರು. ಮೈಸೂರು ಸೀಮೆಯಲ್ಲಿ ಸ್ತ್ರೀಪಾತ್ರವನ್ನು ಸ್ತ್ರೀಯರಿಂದಲೇ ಮಾಡಿಸುವ ಪದ್ಧತಿ ಬೇರೂರುವುದಕ್ಕೆ ವೀರಣ್ಣನವರ ಸಾಹಸ ಬಹಳ ಮಟ್ಟಿಗೆ ಕಾರಣವಾಯಿತು.

ಹಾಗೆ ಬಂದ ಸ್ತ್ರೀಯರು ಪಟ್ಟ ಪಾಡನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ನಾಟಕದವಳೆಂದರೆ ಊರಿನಲ್ಲಿ ಬಾಡಿಗೆಗೆ ಮನೆ ದೊರೆಯುತ್ತಿರಲಿಲ್ಲ. ರಾತ್ರಿ ಆಕೆಯ ಹಾಡಿಗೆ ಕೈತಟ್ಟಿದವರೇ ಬೆಳಗಾದರೆ ಆಕೆಯ ನೆರಳನ್ನು ಕಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದುದರಿಂದಲೇ ಕಂಪೆನಿಯೇ ಮನೆಯಾಯಿತು, ಕಂಪೆನಿಯವರೇ ಬಂಧುಗಳಾದರು. ಪರದೆಯ ಹಿಂದೆ ಪೆಟ್ಟಿಗೆಗಳ ಮೇಲೆ ಮಕ್ಕಳು ಮಲಗಿ ಬೆಳೆದರು. ಗುಬ್ಬಿ ಕಂಪೆನಿಯ ಹೆಸರಾಂತ ನಟಿಯರಾದ ಸುಂದರಮ್ಮನವರೂ ಬಿ. ಜಯಮ್ಮನವರೂ ವೀರಣ್ಣನವರ ಪತ್ನಿಯರಾದುದು ಕೇವಲ ಒಂದು ಕುಟುಂಬದ ವಿಷಯವಲ್ಲ. ನಟಿಗೆ ಸಮಾಜದಲ್ಲಿ ಬೇರೆ ನೆಲೆ ಎಷ್ಟು ಕಡಮೆಯಿದ್ದಿತೆಂಬುದಕ್ಕೂ ಅದು ಸಾಕ್ಷಿಯೆಂದು ನಮಗೆ ತೋರುತ್ತದೆ.

ಜಯಮ್ಮನವರ ಬಾಳು ಇಲ್ಲಿ ಸ್ವಲ್ಪ ಹೇಳತಕ್ಕದ್ದಾಗಿದೆ. 1915ರಲ್ಲಿ ಹುಟ್ಟಿದ ಈಕೆ ಚಿಕ್ಕ ವಯಸ್ಸಿನಲ್ಲಿಯೇ ವೇದಿಕೆಗೆ ಬಂದರು. ಸಂಗೀತಪ್ರಧಾನವಾದ ಕಂಪೆನಿ ನಾಟಕಗಳಲ್ಲಿ ನಾಯಿಕೆಯ ಯೋಗ್ಯತೆಯನ್ನು ಅಳೆಯುತ್ತಿದ್ದುದು ಕಂಠದಿಂದ. ಪ್ರೇಕ್ಷಕರು ‘ವನ್ಸ್ ಮೋರ್’ ಎಂದು ಕೂಗಿದರೆ ಸಾಯುತ್ತಿರುವ ನಾಯಿಕೆಯೂ ಎದ್ದು ಇನ್ನೊಮ್ಮೆ ಹಾಡಿ ಪುನಃ ಸಾಯಬೇಕಾಗಿದ್ದಿತು! ಆ ಪರೀಕ್ಷೆಯಲ್ಲಿ ಜಯಮ್ಮನವರು ತೇರ್ಗಡೆಯಾದುದು ಮಾತ್ರವಲ್ಲ, ವೇದಿಕೆಯಿಂದ ತೆರೆಗೆ ಹೋದಾಗಲೂ ತಮ್ಮ ಸ್ಥಾನವನ್ನು ಕಳೆದುಕೊಳ್ಳಲಿಲ್ಲ. 1945ರಲ್ಲಿ ಬಿ. ಎನ್. ರೆಡ್ಡಿಯವರು ನಿರ್ಮಿಸಿದ ತೆಲುಗು ಚಿತ್ರ ‘ಸ್ವರ್ಗಸೀಮ’ದಲ್ಲಿ ನಾಗಯ್ಯನವರ ಎದುರಿಗೆ ಪತ್ನಿಯ ಪಾತ್ರವನ್ನು ವಹಿಸಿದರು. ಅದೇ ಕಾಲದ ‘ಹೇಮರೆಡ್ಡಿ ಮಲ್ಲಮ್ಮ’ನೂ, 1953ರ ‘ಗುಣಸಾಗರಿ’ಯೂ ಕನ್ನಡಿಗರ ಮನೆಮನೆಗೆ ಅವರನ್ನು ತಲುಪಿಸಿದುವು. 1988ರಲ್ಲಿ ಅವರು ತೀರಿಕೊಂಡರು. ಒಬ್ಬ ಸ್ತ್ರೀ ತನ್ನ ಜೀವಮಾನದಲ್ಲಿ ಇಷ್ಟನ್ನು ಸಾಧಿಸಿದ ಮೇಲೂ ಇಂದು ಆಕೆಯ ಹೆಸರನ್ನು ಹೇಳಿದರೆ ಮೊದಲು ಬರುವ ಮಾತು ‘ಗುಬ್ಬಿ ವೀರಣ್ಣನವರ ಹೆಂಡತಿ’ ಎಂಬುದು. ವೀರಣ್ಣನವರ ಮಹತ್ತ್ವವನ್ನು ಕಡಮೆ ಮಾಡುವ ಉದ್ದೇಶ ನಮಗಿಲ್ಲ. ನಾಟಕರತ್ನವೆಂಬ ಬಿರುದೂ, 1972ರಲ್ಲಿ ಬಂದ ಪದ್ಮಶ್ರೀಯೂ ಅವರಿಗೆ ಸಂದ ನ್ಯಾಯವಾದ ಗೌರವಗಳೇ. ‘ಕಲೆಯೇ ಕಾಯಕ’ವೆಂದು ತಮ್ಮ ಆತ್ಮಕಥೆಗೆ ಹೆಸರಿಟ್ಟವರು ಅವರು. ಆ ಕಾಯಕದಲ್ಲಿ ಅರ್ಧ ಭಾರವನ್ನು ಹೊತ್ತ ಹೆಂಗಸರ ಪಾಲಿನ ಲೆಕ್ಕವನ್ನು ನಾಡು ಇನ್ನೂ ಬರೆಯಬೇಕಾಗಿದೆಯೆಂಬುದಷ್ಟೇ ನಮ್ಮ ಮಾತು.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕೆಂದು ಕೋರುತ್ತೇವೆ. ನಟಿಯರು ವೇದಿಕೆಗೆ ಬಂದಾಗ ಅವರಿಗೆ ದೊರೆತದ್ದು ಹಾಡು; ಕಣ್ಣೀರು; ಪಾತಿವ್ರತ್ಯ. ನಗೆಯು ಮಾತ್ರ ಪುರುಷರಲ್ಲಿಯೇ ಉಳಿಯಿತು. ‘ಸದಾರಮೆ’ಯನ್ನೇ ನೋಡಬಹುದು. ನಾಟಕದ ಹೆಸರು ನಾಯಿಕೆಯದು, ಕಥೆಯೂ ಆಕೆಯದೇ. ಕಳ್ಳನ ಕೈಯಿಂದ ಜಾಣ್ಮೆಯಿಂದ ತಪ್ಪಿಸಿಕೊಂಡು, ಗಂಡುವೇಷ ತೊಟ್ಟು, ತನ್ನ ಬಾಳನ್ನು ತಾನೇ ನೇರ್ಪಡಿಸಿಕೊಳ್ಳುವವಳು ಆಕೆ. ಆದರೆ ಜನರು ಕಿಕ್ಕಿರಿದು ಬರುತ್ತಿದ್ದುದು ಕಳ್ಳನನ್ನು ನೋಡುವುದಕ್ಕೆ. ಆ ಕಳ್ಳನು ವೀರಣ್ಣನವರು. ಅವರ ಹಾಸ್ಯದ ಪ್ರಭಾವವು ಎಷ್ಟಿದ್ದಿತೆಂದರೆ ಸದಾರಮೆಯ ನಾಟಕದಲ್ಲಿ ಸದಾರಮೆಯೇ ಎರಡನೆಯವಳಾದಳು.

ಏಕೆ ಹೀಗೆ? ಹಾಡು ಕಟ್ಟಿಟ್ಟದ್ದು, ಕವಿಯು ಬರೆದಂತೆ, ಮೇಷ್ಟರು ಕಲಿಸಿದಂತೆ ಹಾಡಬೇಕು. ಹಾಸ್ಯಗಾರನಿಗಾದರೋ ಅಂಥ ಕಟ್ಟಿಲ್ಲ. ಅವನು ಬರೆದ ಮಾತನ್ನು ಬಿಟ್ಟು ಆಡಬಹುದು. ಅಂದು ಊರಿನಲ್ಲಿ ನಡೆದುದನ್ನು ಅಂದೇ ರಾತ್ರಿ ವೇದಿಕೆಯಲ್ಲಿ ಹೇಳಬಹುದು. ಮುಂದಿನ ಸಾಲಿನಲ್ಲಿ ಕುಳಿತ ಅಮಲ್ದಾರರನ್ನೇ ಹಾಸ್ಯಮಾಡಿ ಅವರಿಂದಲೇ ಚಪ್ಪಾಳೆ ಪಡೆಯಬಹುದು. ಪ್ರೇಕ್ಷಕರ ಕಣ್ಣಿನಲ್ಲಿ ಕಣ್ಣಿಟ್ಟು ಮಾತನಾಡುವ ಸ್ವಾತಂತ್ರ್ಯ ಅದು. ಹೆಣ್ಣು ಹಾಡಿದರೆ ಸಹಿಸಿದ ಸಮಾಜವು, ಹೆಣ್ಣು ತನ್ನನ್ನು ನೋಡಿ ನಗುವುದನ್ನು ಸಹಿಸಲಾರದೆ ಹೋಯಿತು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ನೋಡದ ಕನ್ನಡಿಗರು ವಿರಳ, ಸರ್ಕಾರದ ನೌಕರರನ್ನೂ ಮಂತ್ರಿಗಳನ್ನೂ ಆ ಮಹನೀಯರು ಮಾತಿನ ಚಾಟಿಯಿಂದ ಬಾರಿಸಿದ್ದು ನಮಗೆಲ್ಲ ನೆನಪಿದೆ. ಆ ನಾಟಕದಲ್ಲಿ ಅವರ ಎದುರಿಗೆ ನಿಂತು, ಅವರ ಮಾತಿಗೆ ತಕ್ಕ ಹೊತ್ತಿನಲ್ಲಿ ಎದುರುಮಾತು ಕೊಟ್ಟು ನಗೆಯನ್ನು ಪೂರೈಸುತ್ತಿದ್ದ ನಟಿಯರ ಹೆಸರು ಎಷ್ಟು ಮಂದಿಗೆ ನೆನಪಿದೆ?

ಈ ಹಿನ್ನೆಲೆಯಲ್ಲಿ ಶ್ರೀಮತಿ ಬಿ. ಜಯಶ್ರೀಯವರ ಕಲಾಜೀವನವನ್ನು ನೋಡಿದರೆ ಅದರ ಬೆಲೆ ತಿಳಿಯುತ್ತದೆ. 1950ರಲ್ಲಿ ಜನಿಸಿದ ಇವರು ವೀರಣ್ಣನವರ ಮೊಮ್ಮಗಳು, ತಾಯಿ ಜಿ. ವಿ. ಮಾಲತಮ್ಮನವರು ಸ್ವತಃ ರಂಗಕಲಾವಿದೆ. ಬಾಲ್ಯವು ಕಂಪೆನಿಯ ವಾತಾವರಣದಲ್ಲಿಯೇ ಕಳೆಯಿತು. ಆದರೆ ಇವರು ಪ್ರಾಪ್ತವಯಸ್ಕರಾಗುವ ವೇಳೆಗೆ ಆ ಕಂಪೆನಿಗಳ ವೈಭವದ ದಿನಗಳು ಮುಗಿಯುತ್ತ ಬಂದಿದ್ದುವು. ಸಿನಿಮಾ ಎಂಬ ಹೊಸ ಮಾಯೆಯು ಪ್ರೇಕ್ಷಕರನ್ನು ಸೆಳೆದುಕೊಂಡಿತು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಮೊದಲಾದ ನಟರನ್ನೂ ಕಂಪೆನಿಗಳಿಂದಲೇ ಸೆಳೆದುಕೊಂಡಿತು. ಗುಡಾರ ಹರಿದ ಮೇಲೆ ಉಳಿದದ್ದು ಹಾಡುಗಳ ನೆನಪು. ಇಂಥ ಮನೆತನದ ಹುಡುಗಿಯು ದೆಹಲಿಗೆ ಹೋಗಿ ರಾಷ್ಟ್ರೀಯ ನಾಟಕಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಶಿಷ್ಯೆಯಾಗಿ 1973ರಲ್ಲಿ ಶಿಕ್ಷಣವನ್ನು ಮುಗಿಸಿದುದು ಅಂದಿನ ಕಾಲಕ್ಕೆ ಸಾಮಾನ್ಯವಾದ ಮಾತಲ್ಲ. ಅಲ್ಲಿ ಕಲಿತದ್ದು ಪಾಶ್ಚಾತ್ಯರ ಶಿಸ್ತು, ಬೆಳಕಿನ ವಿಧಾನ, ಪಾತ್ರದ ಒಳಹೊಕ್ಕು ನೋಡುವ ಪದ್ಧತಿ. ತವರಿನಿಂದ ತಂದಿದ್ದುದು ಗಟ್ಟಿಯಾದ ಕಂಠ.

ಆ ಕಂಠದ ವಿಷಯವಾಗಿ ಒಂದು ಮಾತು. ಕೆಲವು ವರ್ಷಗಳ ಕಾಲ ಕನ್ನಡ ಚಲಚ್ಚಿತ್ರಗಳಲ್ಲಿ ಪರಭಾಷೆಗಳಿಂದ ಬಂದ ನಾಯಿಕೆಯರಿಗೆ ಮಾತನ್ನು ಕೊಟ್ಟವರಲ್ಲಿ ಜಯಶ್ರೀಯವರೂ ಒಬ್ಬರು. ತೆರೆಯ ಮೇಲೆ ಮಾಧವಿಯವರ ಮುಖ, ಕೇಳುವುದು ಜಯಶ್ರೀಯವರ ದನಿ. ಚಿತ್ರಮಂದಿರದಲ್ಲಿ ಕುಳಿತ ಲಕ್ಷಾಂತರ ಜನರು ಆ ದನಿಯನ್ನು ಮೆಚ್ಚಿದರು. ಅದರ ಒಡತಿಯನ್ನು ಅರಿಯಲಿಲ್ಲ. ಹೊಟ್ಟೆಪಾಡಿನ ಕೆಲಸದಲ್ಲಿಯೂ ನಟಿಯ ಪಾಲಿಗೆ ಬಂದದ್ದು ಹೆಸರಿಲ್ಲದ ಈ ಸ್ಥಿತಿಯೇ. ಕೊಳಾಲದ ಗೋಡೆಯ ಮೇಲಿನ ಸಣ್ಣ ಅಕ್ಷರದ ಪಂಕ್ತಿಗೂ ಇದಕ್ಕೂ ಬಹಳ ದೂರವಿಲ್ಲ.

1976ರಲ್ಲಿ ಬೆಂಗಳೂರಿನಲ್ಲಿ ‘ಸ್ಪಂದನ’ವೆಂಬ ತಂಡವನ್ನು ಅವರು ಕಟ್ಟಿದರು. ಆ ಕಾಲದಲ್ಲಿ ಹೊಸ ನಾಟಕದವರು ಕಂಪೆನಿಯ ಹಾಡನ್ನು ಕೇಳಿದರೆ ಮುಖ ತಿರುವುತ್ತಿದ್ದರು. ನಾಟಕವೆಂದರೆ ಚಿಂತೆ, ಗಂಭೀರ ಮೌನ, ಕುರ್ಚಿಯೊಂದು, ಅದರ ಮೇಲೆ ಕುಳಿತ ಬೇಸರದ ಮನುಷ್ಯನೊಬ್ಬ. ಈ ಬಗೆಯ ನಾಟಕಗಳೂ ಬೇಕು. ಅವುಗಳನ್ನು ನೋಡಿ ನಾವೂ ಕಲಿತಿದ್ದೇವೆ, ಒಮ್ಮೊಮ್ಮೆ ನಿದ್ರಿಸಿಯೂ ಇದ್ದೇವೆ. ಬಾಲ್ಯದಲ್ಲಿ ಗುಬ್ಬಿ ಕಂಪೆನಿಯಲ್ಲಿಯೇ ಇದ್ದು ಹೋದ ಬಿ. ವಿ. ಕಾರಂತರು ಎಪ್ಪತ್ತರ ದಶಕದ ಆರಂಭದಲ್ಲಿ ಹೊಸ ನಾಟಕಕ್ಕೆ ಸಂಗೀತವನ್ನು ಮರಳಿ ತಂದು ದಾರಿ ತೆರೆದಿದ್ದರು. ಜಯಶ್ರೀಯವರು ಆ ದಾರಿಯಲ್ಲಿ ತಮ್ಮದೇ ಆದ ಹೆಜ್ಜೆಯನ್ನಿಟ್ಟರು. ‘ಲಕ್ಷಾಪತಿ ರಾಜನ ಕಥೆ’ಯಲ್ಲಿ ಜನಪದದ ಕುಣಿತವೂ ಹಾಡೂ ನಗೆಯೂ ಒಂದಾದುವು. ಚಂದ್ರಶೇಖರ ಕಂಬಾರರ ‘ಕರಿಮಾಯಿ’ಯು ಅವರ ಕೈಯಲ್ಲಿ ರಂಗಕ್ಕೆ ಬಂದಾಗ ಗ್ರಾಮದೇವತೆಯ ಕಥೆಯನ್ನು ಒಂದು ಹಳ್ಳಿಯೇ ಎದ್ದು ನಿಂತು ಹೇಳಿದಂತಾಯಿತು. ಹಾಡನ್ನು ಅವರು ಅಲಂಕಾರವಾಗಿ ಬಳಸಲಿಲ್ಲ. ಕಥೆಯು ಮುಂದುವರಿಯುವುದಕ್ಕೆ ಅದನ್ನು ಕಾಲಾಗಿ ಮಾಡಿಕೊಂಡರು.

ಇನ್ನು ‘ಸದಾರಮೆ’. ಅಜ್ಜನ ಕಂಪೆನಿಯ ಆ ಹಳೆಯ ನಾಟಕವನ್ನು ಅವರು ಹೊಸ ಪ್ರೇಕ್ಷಕರ ಮುಂದೆ ತಂದರು. ಕುಲದ ಹೆಸರಿಗೆ ತಕ್ಕಂತೆ ಸದಾರಮೆಯ ಪಾತ್ರವನ್ನು ವಹಿಸಿ, ಹಳೆಯ ಹಾಡುಗಳನ್ನು ಹಾಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಎಲ್ಲರೂ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಅವರು ವಹಿಸಿದ್ದು ಕಳ್ಳನ ಪಾತ್ರವನ್ನು! ಅಜ್ಜನು ಪ್ರಸಿದ್ಧಗೊಳಿಸಿದ, ಪುರುಷರ ಸ್ವತ್ತೆಂದೇ ಎಲ್ಲರೂ ಭಾವಿಸಿದ್ದ, ಪ್ರೇಕ್ಷಕರ ಕಣ್ಣಿನಲ್ಲಿ ಕಣ್ಣಿಟ್ಟು ಮಾತನಾಡುವ ಸ್ವಾತಂತ್ರ್ಯವುಳ್ಳ ಅದೇ ಪಾತ್ರ. ಹಾಸ್ಯದ ಆ ಸ್ವಾತಂತ್ರ್ಯವು ಹೀಗೆ ಎರಡು ತಲೆಮಾರುಗಳ ತರುವಾಯ ಅದೇ ಮನೆಯ ಹೆಣ್ಣಿನ ಕೈಗೆ ಬಂದಿತು. ಇದನ್ನು ಒಂದು ಚಮತ್ಕಾರವೆಂದು ಎಣಿಸಿ ಬಿಟ್ಟುಬಿಡುವುದು ತಪ್ಪಾಗುತ್ತದೆ. ಒಂದು ಕಾಲದಲ್ಲಿ ಗಂಡು ಹೆಣ್ಣಿನ ವೇಷ ತೊಟ್ಟು ಹೆಣ್ಣನ್ನು ವೇದಿಕೆಯಿಂದ ದೂರವಿಟ್ಟಿದ್ದನು. ಈಗ ಹೆಣ್ಣು ಗಂಡುವೇಷ ತೊಟ್ಟದ್ದು ಗಂಡನ್ನು ದೂರವಿಡುವುದಕ್ಕಲ್ಲ, ನಗೆಯಲ್ಲಿ ತನ್ನ ಪಾಲನ್ನು ಪಡೆಯುವುದಕ್ಕೆ.

ಹಳೆಯ ಕಂಪೆನಿ ನಾಟಕಗಳನ್ನು ಪುನಃ ಆಡುವುದರಿಂದ ಪ್ರಯೋಜನವೇನು, ಇದು ಮುದುಕರ ಸ್ಮರಣೆಯ ವ್ಯಾಪಾರವಲ್ಲವೆ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ಸ್ವಲ್ಪ ಸತ್ಯಾಂಶವಿಲ್ಲದೆ ಇಲ್ಲ. ಪರದೆ, ಕಿರೀಟ, ಜರತಾರಿಗಳನ್ನು ಹಾಗೆಯೇ ಎತ್ತಿ ತಂದು ತೋರಿಸಿದರೆ ಅದು ವಸ್ತುಪ್ರದರ್ಶನವಾದೀತೇ ಹೊರತು ನಾಟಕವಾಗಲಾರದು. ಅಂಥವನ್ನು ನಾವು ನೋಡಿಯೂ ಇದ್ದೇವೆ. ಆದರೆ ಹಳೆಯ ನಾಟಕದೊಳಗೆ ಯಾರಿಗೆ ಯಾವ ಪಾತ್ರ ಸಲ್ಲಬೇಕೆಂಬ ವ್ಯವಸ್ಥೆಯನ್ನೇ ಬದಲಿಸಿದವರನ್ನು ಸ್ಮರಣೆಯ ವ್ಯಾಪಾರಿಗಳೆಂದು ಹೇಗೆ ಕರೆಯುವುದು?

ಈ ದಾರಿಯಲ್ಲಿ ಅವರು ಒಂಟಿಯೆಂದು ನಾವು ಹೇಳುತ್ತಿಲ್ಲ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿಯೇ ಸ್ತ್ರೀಯರಿಂದಲೇ ಕೂಡಿದ ನಾಟಕ ಮಂಡಲಿಯನ್ನು ಸ್ಥಾಪಿಸಿ, ಕಂಸ, ರಾವಣ, ಭೀಮರ ಪಾತ್ರಗಳನ್ನು ತಾವೇ ವಹಿಸಿ, ಗದೆ ಹಿಡಿದು ವೇದಿಕೆಯನ್ನು ನಡುಗಿಸಿದ್ದರು. ಪದ್ಮಶ್ರೀಯು ಅವರಿಗೆ ದೊರೆತದ್ದು 2012ರಲ್ಲಿ. ಅವರು ಕಣ್ಮುಚ್ಚಿದ್ದೂ ಅದೇ ವರ್ಷ. ಐವತ್ತಕ್ಕೂ ಹೆಚ್ಚು ವರ್ಷ ಗದೆ ಹೊತ್ತ ಮೇಲೆ ಬಂದ ಗೌರವ! ಜಯಶ್ರೀಯವರ ವಿಷಯದಲ್ಲಿ ನಾಡು ಅಷ್ಟು ಸಾವಕಾಶ ಮಾಡಲಿಲ್ಲವೆಂಬುದು ಸಮಾಧಾನಕರ. 1996ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2013ರಲ್ಲಿ ಪದ್ಮಶ್ರೀ ಅವರಿಗೆ ಸಂದುವು. 2010ರಲ್ಲಿ ರಾಷ್ಟ್ರಪತಿಗಳಿಂದ ನಾಮಕರಣ ಹೊಂದಿ ಆರು ವರ್ಷ ರಾಜ್ಯಸಭೆಯ ಸದಸ್ಯೆಯಾಗಿದ್ದರು. ಒಂದು ಕಾಲದಲ್ಲಿ ಬಾಡಿಗೆಗೆ ಮನೆ ದೊರೆಯದಿದ್ದ ವೃತ್ತಿಯವರಿಗೆ ಸಂಸತ್ತಿನಲ್ಲಿ ಪೀಠ ದೊರೆತುದು ಸಣ್ಣ ಬದಲಾವಣೆಯಲ್ಲ. ‘ಕಣ್ಣಾಮುಚ್ಚೇ ಕಾಡೇಗೂಡೇ’ ಎಂಬ ಹೆಸರಿನಿಂದ ಅವರ ಆತ್ಮಕಥೆಯೂ ಪ್ರಕಟವಾಗಿದೆ. ಜಯಮ್ಮನವರ ಕಾಲದವರಿಗೆ ಎಟುಕದಿದ್ದ ಭಾಗ್ಯವಿದು: ನಟಿಯು ತನ್ನ ಕಥೆಯನ್ನು ತಾನೇ ಹೇಳಿದಳು. ಅಂದಹಾಗೆ, 2001ರ ‘ನನ್ನ ಪ್ರೀತಿಯ ಹುಡುಗಿ’ ಚಿತ್ರದಲ್ಲಿ ಮೋಟಾರು ಕಾರಿನ ಮೇಲೆ ಅವರು ಹಾಡಿದ ತಮಾಷೆಯ ಹಾಡನ್ನು ಕೇಳಿ ಕುಣಿದ ತರುಣರಲ್ಲಿ ಅನೇಕರು, ಇದೇ ಕಂಠವು ರಂಗಗೀತೆಗಳದೆಂದು ಆಮೇಲೆ ತಿಳಿದು ಆಶ್ಚರ್ಯಪಟ್ಟಿರಬೇಕು.

ಈಗ ಪುನಃ ಕೊಳಾಲಕ್ಕೆ ಬರೋಣ. ದೆಹಲಿಯಲ್ಲಿ ದೊರೆತ ಪೀಠದ ಗೌರವವು ಕೊರಟಗೆರೆಯ ರಸ್ತೆಯಲ್ಲಿ ಬೆಳಗಿನ ಮೊದಲ ಬಸ್ಸಿಗೆ ಕಾದು ನಿಂತ ನಟಿಯವರೆಗೆ ತಲುಪಿದೆಯೆ? ನಾವು ನೋಡಿದ ನಾಟಕ ಮುಗಿದಾಗ ಗ್ರಾಮದ ಪಾತ್ರಧಾರಿಗಳಿಗೆ ಬಂಧುಗಳು ಹಾರ ಹಾಕಿದರು, ಶಾಲು ಹೊದಿಸಿದರು. ಒಬ್ಬೊಬ್ಬರ ಹೆಸರನ್ನೂ ಧ್ವನಿವರ್ಧಕದಲ್ಲಿ ಕೂಗಿದರು. ಆ ಹೊತ್ತಿಗೆ ದ್ರೌಪದಿಯು ಮುಖದ ಬಣ್ಣ ಒರೆಸಿಕೊಂಡು, ಪೆಟ್ಟಿಗೆ ಕಟ್ಟಿಕೊಂಡು ಹೊರಟಿದ್ದರು. ಆ ರಾತ್ರಿ ಇಬ್ಬರು ಮೂವರ ಮರೆತ ಮಾತನ್ನು ಎತ್ತಿಕೊಟ್ಟಿದ್ದವರು ಅವರೇ. ಗ್ರಾಮದವರಲ್ಲಿ ದುಷ್ಟಬುದ್ಧಿಯಿದ್ದಿತೆಂದು ನಾವು ಹೇಳುವುದಿಲ್ಲ. ಊಟವನ್ನು ಆದರದಿಂದ ಬಡಿಸಿದರು. ಒಪ್ಪಿದ ಹಣವನ್ನು ಕೊಟ್ಟರು. ಆಕೆಯ ಹೆಸರನ್ನು ಕೇಳಬೇಕೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಹೆಸರಿನಿಂದ ಏನಾಗುತ್ತದೆಂದು ಕೇಳುವವರು ಒಂದು ಸಂಗತಿಯನ್ನು ತಿಳಿಯಬೇಕು. ವಯಸ್ಸಾದ ಬಡ ಕಲಾವಿದರಿಗೆ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಮಾಸಾಶನವನ್ನು ಕೊಡುತ್ತದೆ. ಅದನ್ನು ಪಡೆಯುವವರು ತಾವು ಕಲಾಸೇವೆ ಮಾಡಿದ್ದೇವೆಂಬುದಕ್ಕೆ ದಾಖಲೆಯನ್ನು ಒದಗಿಸಬೇಕಾಗುತ್ತದೆ. ದಾಖಲೆಯೆಂದರೆ ಯಾವುದು? ಪ್ರಶಸ್ತಿಪತ್ರಗಳು, ಛಾಯಾಚಿತ್ರಗಳು, ಮುಖ್ಯವಾಗಿ ನಾಟಕದ ಕರಪತ್ರಗಳು. ಮೂವತ್ತು ವರ್ಷ, ನೂರಾರು ಊರುಗಳಲ್ಲಿ, ಕುಂತಿಯೋ ದ್ರೌಪದಿಯೋ ಆಗಿ ಹಾಡಿದವಳು ಮುಪ್ಪಿನಲ್ಲಿ ಕಛೇರಿಯ ಮುಂದೆ ನಿಂತಾಗ ಆಕೆಯ ಕೈಯಲ್ಲಿರುವ ಕರಪತ್ರಗಳಲ್ಲಿ ಇರುವುದು ‘ನುರಿತ ಕಲಾವಿದೆಯರಿಂದ’ ಎಂಬ ಮಾತು. ಆ ಕಲಾವಿದೆ ತಾನೇ ಎಂದು ಆಕೆ ಯಾವ ಗುಮಾಸ್ತನಿಗೆ ಹೇಗೆ ಸಿದ್ಧಪಡಿಸಬೇಕು? ಅಂದು ಕೃಷ್ಣನ ಪಾತ್ರ ವಹಿಸಿದ ರೈತನಿಗೆ ತನ್ನ ಭಾವಚಿತ್ರವುಳ್ಳ ಕರಪತ್ರವು ಪಡಸಾಲೆಯ ಗೋಡೆಗೆ ಅಲಂಕಾರ. ಆಕೆಗೆ ಅದು ಮುಪ್ಪಿನ ಅನ್ನ.

ಆದುದರಿಂದ ಕೊಳಾಲ, ಹೊಳವನಹಳ್ಳಿ, ಚನ್ನರಾಯನದುರ್ಗ ಹೋಬಳಿಗಳ, ಅಷ್ಟೇ ಅಲ್ಲ ಮಧುಗಿರಿ, ಸಿರಾ, ಪಾವಗಡ ಸೀಮೆಯ ನಾಟಕ ಮಂಡಲಿಗಳವರಲ್ಲಿ ನಮ್ಮ ಬಿನ್ನಹವು ಬಹಳ ಸಣ್ಣದು. ಹೆಚ್ಚಿನ ಖರ್ಚಿಲ್ಲ. ಮುಂದಿನ ಜಾತ್ರೆಗೆ ಕರಪತ್ರವನ್ನು ಅಚ್ಚಿಗೆ ಕೊಡುವ ಮೊದಲು, ಸ್ತ್ರೀಪಾತ್ರಕ್ಕೆ ಗೊತ್ತಾದವರ ಹೆಸರನ್ನು ಕೇಳಿ, ಪಾತ್ರದ ಎದುರಿಗೆ ಸೇರಿಸಲಿ. ನಾಟಕ ಮುಗಿದ ಮೇಲೆ ಮೊಹರಿನೊಡನೆ ಒಂದು ಕರಪತ್ರವನ್ನು ಆಕೆಯ ಕೈಗೆ ಕೊಡಲಿ. ಅಚ್ಚುಕೂಟದವರು ಸ್ಥಳ ಸಾಲದೆಂದರೆ ದ್ವಾರಪಾಲಕನ ಭಾವಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಬಹುದು.